ಹಳೇ ಜೀಪಿಗೆ ಯಾವ ಬಂಪರ್? ಮಲೆನಾಡಿನ ಕೆಸರಿನಲ್ಲಿ ಓಡಿಸುವವರಿಗೆ

ಹೊಸನಗರದ ಕಡೆ ಇರುವ ನಮ್ಮ ಮನೆಗೆ ಟಾರ್ ರಸ್ತೆಯಿಂದ ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಒಂದು ಚಡಾವು (ಏರು), ಎರಡು ದಣಪೆ, ಅಂದರೆ ಬೇಲಿಯ ಅಡ್ಡಗಳುವಿನ ಗೇಟು. ಬೇಸಿಗೆಯಲ್ಲಿ ಯಾವ ಕಾರೂ ಬರುತ್ತದೆ. ಮಳೆ ಹಿಡಿದ ಮೇಲೆ ಬರುವುದು ಎರಡೇ ಗಾಡಿ: ನನ್ನ 1998ರ ಮಾರುತಿ ಜಿಪ್ಸಿ, ಭಾವನ ಮಹೀಂದ್ರಾ ಜೀಪು ಎಂಎಂ 540. ಇವೆರಡಕ್ಕೂ ಸೇರಿ ಹನ್ನೆರಡು ವರ್ಷದಲ್ಲಿ ಐದು ಬಂಪರ್ ಮಾಡಿಸಿದ್ದೇವೆ. ಎರಡು ಗುಜರಿಗೆ ಹೋದವು. ಒಂದು ಕೊಟ್ಟಿಗೆಯ ಬಾಗಿಲಿಗೆ ಅಡ್ಡಪಟ್ಟಿಯಾಗಿದೆ. ಉಳಿದ ಎರಡು ಗಾಡಿಯಲ್ಲಿವೆ.

"ಬಂಪರ್ ಮಾಡಿಸ್ಬೇಕಿತ್ತು ಮಾರಾಯ, ಯಾವ್ದು ಒಳ್ಳೇದು?" ಅಂತ ಬರುವವರು ಮೊದಲು ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಅದರಲ್ಲಿ ಗಾಡಿ ಮರಳುಗಾಡಿನಲ್ಲಿ ನಿಂತಿರುತ್ತದೆ, ಮೂತಿಯಲ್ಲಿ ಆನೆ ದಂತದ ಹಾಗೆ ಕಬ್ಬಿಣ. ನೋಡಲು ಚೆಂದವೇ. ಆದರೆ ನಮ್ಮ ಗಾಡಿ ನಿಲ್ಲುವುದು ಆಶ್ಲೇಷ ಮಳೆಯ ಕೆಸರಿನಲ್ಲಿ. ಒಂದು ಪಕ್ಕ ಧರೆ (ಮಣ್ಣಿನ ದಿಬ್ಬ), ಇನ್ನೊಂದು ಪಕ್ಕ ತೋಟದ ಅಗಳ (ಕಂದಕ). ಅಂಥ ಜಾಗಕ್ಕೆ ನಾನು ಎರಡೇ ಕೇಳುತ್ತೇನೆ: ತೂಕ ಎಷ್ಟು? ಚಾಸಿಗೆ, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟಿಗೆ, ಹೇಗೆ ಕೂತಿದೆ? ಆಕಾರದ ಮಾತು ಆಮೇಲೆ.

ಇದು ನನಗೆ ಮೊದಲೇ ಗೊತ್ತಿತ್ತು ಅಂತಲ್ಲ. ಜಿಪ್ಸಿಗೆ ಮೊದಲು ಮಾಡಿಸಿದ್ದು ಪೈಪ್ ಬಂಪರ್. ಎಳೆಯುವ ಹುಕ್ಕನ್ನು ವರ್ಕ್‌ಶಾಪಿನವರು ಆ ಪೈಪಿಗೇ ವೆಲ್ಡ್ ಮಾಡಿದ್ದರು. ನಾನೂ ನೋಡಿ ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ. ಮೊದಲ ಮಳೆಗಾಲದಲ್ಲೇ ಹಳ್ಳದ ದಂಡೆಯಲ್ಲಿ ಗಾಡಿ ಹುಗಿಯಿತು. ಪಕ್ಕದ ಮನೆಯ ಟ್ರ್ಯಾಕ್ಟರ್ ಬಂತು, ಚೈನ್ ಹಾಕಿದರು, ಎಳೆದರು. ಗಾಡಿ ಅಲ್ಲಾಡಲಿಲ್ಲ. ಹುಕ್ಕು ಮಾತ್ರ ಪೈಪಿನ ತುಂಡಿನ ಸಮೇತ ಕಿತ್ತು ಹಾರಿ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಬಡಿಯಿತು. ಒಂದು ಅಡಿ ಈಚೆ ಬಂದಿದ್ದರೆ ಓಡಿಸುವವನ ತಲೆ. ಆ ಮಡ್‌ಗಾರ್ಡಿನ ಗುಳಿ ಇವತ್ತಿಗೂ ಹಾಗೇ ಇದೆ. ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ

ಇದನ್ನು ಕೊನೆಗೆ ಇಟ್ಟರೆ ಯಾರೂ ಓದುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಗಾಡಿಗಳ ಮುಂದೆ ಹಾಕಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ಕ್ಕೆ ವಿರುದ್ಧ, ಕ್ರಮ ತೆಗೆದುಕೊಳ್ಳಿ ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು ಸೆಕ್ಷನ್ 182ಎ ಸೇರಿತು. ಅದರ ಪ್ರಕಾರ ಮಾಲೀಕನೇ ಕಾನೂನು ಒಪ್ಪದ ಬದಲಾವಣೆ ಮಾಡಿಸಿದರೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ನಮ್ಮ ಗಾಡಿಗಳೆಲ್ಲ 15 ವರ್ಷ ದಾಟಿದವು. ಐದೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಹೋಗಲೇಬೇಕು. ಶಿವಮೊಗ್ಗದ ಕೆಎ 14 ಇರಲಿ, ಸಾಗರದ ಕೆಎ 15 ಇರಲಿ, ಇನ್‌ಸ್ಪೆಕ್ಟರ್ ಮೊದಲು ನೋಡುವುದು ಗಾಡಿಯ ಮೂತಿಯನ್ನೇ. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಇದನ್ನೇ ಹಿಡಿದು ಕೇಳುತ್ತಾರೆ. ದಂಡ ಒತ್ತಟ್ಟಿಗಿರಲಿ, ಮೂತಿಗೆ ಚೂಪು ಕಬ್ಬಿಣ ಕಟ್ಟಿಕೊಂಡು ಪೇಟೆಯಲ್ಲಿ ಓಡಾಡಿದರೆ ಅಡ್ಡ ಬಂದ ಮನುಷ್ಯನ ಗತಿ ಏನು?

ಹಾಗಾಗಿ ನಮ್ಮ ಮನೆಯ ಲೆಕ್ಕ ಇಷ್ಟು. ರಸ್ತೆಗೆ ಹೋಗುವಾಗ ಗಾಡಿಯಲ್ಲಿ ಮೂಲ ಬಂಪರ್. ಅದಕ್ಕಿಂತ ಹೆಚ್ಚಿನದ್ದು ಏನಿದ್ದರೂ ಬೋಲ್ಟಿನ ಮೇಲೆ, ಅದೂ ನಮ್ಮ ಜಾಗದ ಒಳಗಿನ ಓಡಾಟಕ್ಕೆ ಮಾತ್ರ. ಪಾನ (ಸ್ಪ್ಯಾನರ್) ಹಿಡಿದು ಕೂತರೆ ಹದಿನೈದು ನಿಮಿಷದಲ್ಲಿ ಕೈಗೆ ಬರಬೇಕು. ಬಿಚ್ಚಲು ಗ್ಯಾಸ್ ಕಟಿಂಗ್ ಬೇಕಾದರೆ ಅದನ್ನು ಮಾಡಿಸಲೇಬೇಡಿ.

ನಾಲ್ಕು ದಾರಿ

ಮೊದಲನೆಯದು, ಇದ್ದ ಬಂಪರನ್ನೇ ಗಟ್ಟಿ ಮಾಡಿಸುವುದು. ಯಾರಿಗೂ ಇದು ಇಷ್ಟವಾಗುವುದಿಲ್ಲ, ಫೋಟೋಕ್ಕೆ ಬರುವುದಿಲ್ಲವಲ್ಲ. ಆದರೆ ಹಳೇ ಮಹೀಂದ್ರಾ ಜೀಪುಗಳ ಮೂಲ ಬಂಪರ್ ಅಂದರೆ ಚಾಸಿಯ ಎರಡು ತುದಿಗೆ ಅಡ್ಡ ಕೂರಿಸಿದ, ಯು ಆಕಾರದ ಕಬ್ಬಿಣದ ಚಾನಲ್. ಅದಕ್ಕಿಂತ ಸರಳವಾದದ್ದು ಇಲ್ಲ. ಬಾಗಿದ್ದರೆ ನೆಟ್ಟಗೆ ಮಾಡಿಸಿ. ತುಕ್ಕು ತಿಂದಿದ್ದರೆ ಅದೇ ಅಳತೆಯ ಹೊಸ ಚಾನಲ್ ತನ್ನಿ. 100 ಮಿಲಿಮೀಟರಿನ ಚಾನಲ್ ಒಂದು ಮೀಟರಿಗೆ ಒಂಬತ್ತೂವರೆ ಕೆಜಿ ಆಸುಪಾಸು ತೂಗುತ್ತದೆ. 1.4 ಮೀಟರ್ ಅಂದರೆ 13 ಕೆಜಿ, ಮುಗಿಯಿತು. ಜಿಪ್ಸಿಯದ್ದು ಹಾಗಲ್ಲ, ತಗಡು ಒತ್ತಿ ಮಾಡಿದ ತೆಳು ಬಂಪರ್. ಅದರ ಹಿಂದೆ, ಹೊರಗೆ ಕಾಣದ ಹಾಗೆ, 75 ಮಿಲಿಮೀಟರಿನ ಚಾನಲ್ಲಿನ ಒಂದು ತುಂಡನ್ನು ಚಾಸಿಯಿಂದ ಚಾಸಿಗೆ ಬೋಲ್ಟ್ ಮಾಡಿದರೆ ಒಂಬತ್ತು, ಹತ್ತು ಕೆಜಿಯಲ್ಲಿ ಕೆಲಸ ಆಗುತ್ತದೆ.

ಎರಡನೆಯದು ಪೈಪ್. ಊರಿನ ಗೇಟು, ಗ್ರಿಲ್ಲು ಮಾಡುವವರೂ ಮಾಡಿಕೊಡುತ್ತಾರೆ. ಖರ್ಚು ಕಡಿಮೆ, ಗಾಳಿ ಆಡುತ್ತದೆ, ಕೆಸರು ನಿಲ್ಲುವುದಿಲ್ಲ. ಒಂದೂವರೆ ಇಂಚಿನ ಪೈಪು 3.2 ಮಿಲಿಮೀಟರ್ ದಪ್ಪದ್ದಾದರೆ ಆರು ಮೀಟರಿನ ಒಂದು ಉದ್ದಕ್ಕೆ 21 ಕೆಜಿ. ಒಂದು ಬಂಪರಿಗೆ ಒಂದು ಉದ್ದ ಸಾಕು. ತೋಟದ ಒಳಗೆ ಕೊಂಬೆ, ಬಳ್ಳಿ, ದಣಪೆ ತಳ್ಳಿಕೊಂಡು ಹೋಗಲು ಇದರಷ್ಟು ಅನುಕೂಲ ಯಾವುದೂ ಇಲ್ಲ. ಆದರೆ ಪೈಪಿನಿಂದ ಎಳೆಯಬಾರದು. ಕಾರಣ ಮೇಲೆ ಹೇಳಿದ್ದೇನೆ.

ಒಂದು ಎಚ್ಚರಿಕೆ. "ಮನೇಲಿ ನೀರಿನ ಜಿಐ ಪೈಪು ಉಳಿದಿದೆ, ಅದ್ರಲ್ಲೇ ಮಾಡ್ಕೊಡಿ" ಅನ್ನುವವರು ಬಹಳ. ಮೈಗೆ ಸತು ಬಳಿದ ಪೈಪು ಅದು. ವೆಲ್ಡಿಂಗ್ ಶಾಖಕ್ಕೆ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಹೋಗುತ್ತದೆ ಅನ್ನುವ ನಂಬಿಕೆ ಇದೆ, ಹೋಗುವುದಿಲ್ಲ. ಬೆಸುಗೆಯಲ್ಲೂ ಸಣ್ಣ ಸಣ್ಣ ತೂತು ಉಳಿಯುತ್ತವೆ. ಬೇರೆ ಪೈಪೇ ಇಲ್ಲ ಅಂದರೆ ಬೆಸೆಯುವ ಜಾಗದ ಸತುವನ್ನು ಗ್ರೈಂಡರಿನಲ್ಲಿ ಪೂರ್ತಿ ತೆಗೆಸಿ. ಪೈಪಿನ ದಪ್ಪ ತಿಳಿಯಲು ಅದರ ಮೇಲಿನ ಪಟ್ಟಿಯ ಬಣ್ಣ ನೋಡಿ. ಹಳದಿ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ.

ಮೂರನೆಯದು ಪ್ಲೇಟ್ ಬಂಪರ್. ಈಗ ಎಲ್ಲರಿಗೂ ಬೇಕಾದ್ದು ಇದೇ. ಪ್ಲೇಟನ್ನು ನಕ್ಷೆಯ ಪ್ರಕಾರ ಕತ್ತರಿಸಿ, ಮಡಚಿ, ಡಬ್ಬದ ಹಾಗೆ ಬೆಸೆಯುತ್ತಾರೆ. ಸರಿಯಾಗಿ ಮಾಡಿದರೆ ಇದರಷ್ಟು ಗಟ್ಟಿ ಬೇರೆ ಇಲ್ಲ, ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ) ಕೂರಿಸುವುದಿದ್ದರೆ ಇದೇ ಬೇಕು. ತೊಂದರೆ ಇರುವುದು ತೂಕದಲ್ಲಿ. ಕಬ್ಬಿಣ ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ. ಈ ಒಂದು ಅಂಕಿ ನೆನಪಿಟ್ಟುಕೊಳ್ಳಿ, ಯಾವ ವರ್ಕ್‌ಶಾಪಿನಲ್ಲೂ ಮೋಸ ಹೋಗುವುದಿಲ್ಲ. ಜಿಪ್ಸಿಯ ಬಂಪರ್ ಬಿಚ್ಚಿ ಹರಡಿದರೆ ಸುಮಾರು 1.4 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಪ್ಲೇಟ್ ಅಂತಿಟ್ಟುಕೊಳ್ಳಿ. 3 ಮಿಲಿಮೀಟರಿನದ್ದಾದರೆ 20 ಕೆಜಿ, 4ರದ್ದು 26, 5ರದ್ದು 33. ಕೂರಿಸುವ ಬ್ರಾಕೆಟ್, ಹುಕ್ಕು ಸೇರಿ ಇನ್ನೂ ಹತ್ತು, ಹನ್ನೆರಡು.

ಇಲ್ಲೇ ಒಂದು ಸೂಕ್ಷ್ಮ ಇದೆ. ಕೆಲವು ಕಡೆ ಕೂಲಿಯನ್ನೂ ಕೆಜಿ ಲೆಕ್ಕದಲ್ಲಿ ಹಿಡಿಯುತ್ತಾರೆ. ಅಂಥವರು 5 ಮಿಲಿಮೀಟರ್ ಹಾಕಿಸಿ, 6 ಹಾಕಿಸಿ ಅಂತ ಒತ್ತಾಯ ಮಾಡಿದರೆ ಆಶ್ಚರ್ಯ ಇಲ್ಲ, ಅಲ್ವಾ? ಕೂಲಿಯನ್ನು ಮೊದಲೇ ಒಟ್ಟು ಮಾತಾಡಿ. ಕಬ್ಬಿಣ ನೀವೇ ತನ್ನಿ.

ನಾಲ್ಕನೆಯದು ಹೊರಗಿನಿಂದ ತರಿಸುವ ರೆಡಿಮೇಡ್. ಕತ್ತರಿಸಿದ್ದು ನೀಟಾಗಿರುತ್ತದೆ, ಬಣ್ಣ ಹೊಳೆಯುತ್ತದೆ. ಆದರೆ ಅದನ್ನು ಮಾಡಿದ್ದು ನೆಟ್ಟಗಿರುವ ಚಾಸಿಗೆ. ನಮ್ಮ ಹಳೇ ಗಾಡಿಗಳ ಚಾಸಿ ಯಾವತ್ತೋ ಒಮ್ಮೆ ಧರೆಗೆ ಬಡಿದು, ಎಲ್ಲೋ ಎಳೆಸಿ ನೆಟ್ಟಗೆ ಮಾಡಿಸಿಕೊಂಡದ್ದಾಗಿರುತ್ತದೆ. ಭಾವನ 540ಕ್ಕೆ ತರಿಸಿದ ಬಂಪರಿನ ತೂತು ಒಂದು ಪಕ್ಕ 11 ಮಿಲಿಮೀಟರ್ ಆಚೆ ಬಂತು. ತೂತನ್ನು ಉದ್ದ ಮಾಡಿ ಕೂರಿಸಿದೆವು. ಉದ್ದ ಮಾಡಿದ ತೂತಿನಲ್ಲಿ ಬೋಲ್ಟು ಸಡಿಲಾಗದೆ ಇರುತ್ತದೆಯೇ? ಕೊಟ್ಟಿಗೆ ಬಾಗಿಲಿಗೆ ಹೋದದ್ದು ಅದೇ. ಕಡಿಮೆ ಓಡಿದ, ಬಡಿಯದ ಗಾಡಿ ನಿಮ್ಮದಾದರೆ ರೆಡಿಮೇಡ್ ಆದೀತು.

ತೂಕ ಮೂತಿಯಲ್ಲಿ ಕೂತರೆ

ಜಿಪ್ಸಿ ಖಾಲಿ ಇದ್ದಾಗ ಒಂದು ಟನ್ ಆಸುಪಾಸು. ಅಷ್ಟು ಹಗುರ ಇರುವುದೇ ಅದರ ದೊಡ್ಡಸ್ತಿಕೆ. ದೊಡ್ಡ ಗಾಡಿಗಳು ಹುಗಿಯುವ ಕಡೆ ಇದು ಮೇಲೆ ತೇಲಿದ ಹಾಗೆ ಹೋಗುತ್ತದೆ. ನನ್ನ ಎರಡನೆಯ ಬಂಪರ್ ಪ್ಲೇಟಿನದು, ಅದರೊಳಗೆ ವಿಂಚು, ಎಲ್ಲ ಸೇರಿ ಸುಮಾರು 80 ಕೆಜಿ. "ಒಬ್ಬ ಮನುಷ್ಯನ ತೂಕ, ಅಷ್ಟೇ ತಾನೆ" ಅಂದುಕೊಂಡಿದ್ದೆ. ಆದರೆ ಆ ಮನುಷ್ಯ ಸೀಟಿನಲ್ಲಿ ಕೂತಿಲ್ಲ, ಮುಂದಿನ ಚಕ್ರಕ್ಕಿಂತ ಎರಡು ಅಡಿ ಮುಂದೆ ಜೋತು ಬಿದ್ದಿದ್ದಾನೆ. ಜಿಪ್ಸಿಯ ಎರಡು ಆಕ್ಸಲ್ ನಡುವಿನ ದೂರ 2375 ಮಿಲಿಮೀಟರ್. ಮುಂದಿನ ಆಕ್ಸಲ್‌ನಿಂದ 600 ಮಿಲಿಮೀಟರ್ ಮುಂದೆ 80 ಕೆಜಿ ಇಟ್ಟರೆ ಆ ಆಕ್ಸಲ್ ಮೇಲೆ ಬೀಳುವುದು 100 ಕೆಜಿ. ಹೆಚ್ಚಾದ ಆ 20 ಕೆಜಿ ಹಿಂದಿನ ಚಕ್ರದಿಂದ ಎತ್ತಿಕೊಂಡದ್ದು. ಮಕ್ಕಳ ಏತಪಾತದ ಆಟದ ಲೆಕ್ಕವೇ.

ಆದದ್ದೇನು? ಮುಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಕೂತುಬಿಟ್ಟಿತು. ಪವರ್ ಸ್ಟೇರಿಂಗ್ ಇಲ್ಲದ ಗಾಡಿ, ಆಗುಂಬೆ ಘಾಟಿಯ 14 ತಿರುವು ಇಳಿಯುವಷ್ಟರಲ್ಲಿ ರಟ್ಟೆ ಸೋತಿತು. ಚಡಾವಿನಲ್ಲಿ ಹಿಂದಿನ ಚಕ್ರ ಮೊದಲಿಗಿಂತ ಬೇಗ ಸುಮ್ನೆ ಸುತ್ತತೊಡಗಿತು. ಗ್ರಿಲ್ಲಿಗೆ ಅಡ್ಡ ಬಂದ ವಿಂಚಿನಿಂದ ಗಾಳಿ ಕಡಿಮೆಯಾಗಿ ಹುಲಿಕಲ್ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ಹುಗಿದರೆ ಎಳೆಯಲಿ ಅಂತ ವಿಂಚು ಹಾಕಿದ್ದು, ಅದರ ಭಾರಕ್ಕೇ ಮೊದಲಿಗಿಂತ ಜಾಸ್ತಿ ಹುಗಿಯಿತು. ಒಂದು ಮಳೆಗಾಲ ಅನುಭವಿಸಿ ಬಿಚ್ಚಿದೆ.

540ರ ಮಾತು ಬೇರೆ. ಗಾಡಿಯೇ ಭಾರ, ಪಟ್ಟಾ ಗಟ್ಟಿ, ಒಳಗೆ ಡೀಸೆಲ್ ಎಂಜಿನ್. ಅದರ ಮೂತಿಯಲ್ಲಿ 30, 35 ಕೆಜಿ ಹೆಚ್ಚಾದರೂ ಹೇಳಿದ ಮಾತು ಕೇಳುತ್ತದೆ. 2010ರಲ್ಲಿ ಬಂದ ಮೊದಲ ಥಾರ್‌ನ ಸಿಆರ್‌ಡಿಇ ಎಂಜಿನ್ನಿನ ಗಾಡಿಯಲ್ಲಿ ಮುಂದೆ ಪಟ್ಟಾ ಇಲ್ಲ, ತಿರುಚಿದರೆ ಸ್ಪ್ರಿಂಗಿನ ಹಾಗೆ ಕೆಲಸ ಮಾಡುವ ಟಾರ್ಷನ್ ಬಾರ್ ಅನ್ನುವ ಸರಳು. ಅದನ್ನು ತಿರುವಿ ಮೂತಿಯನ್ನು ಮತ್ತೆ ಮೇಲೆತ್ತಬಹುದು. ಆದರೆ ಹಾಗೆ ಎತ್ತಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಚಾಸಿಗೆ ಕೂರುವ ರೀತಿ

ಬಂಪರ್ ನೋಡಲು ಹೋದಾಗ ಎಲ್ಲರೂ ಎದುರು ನಿಂತು ನೋಡುತ್ತಾರೆ. ನೀವು ಕೆಳಗೆ ಮಲಗಿ ನೋಡಿ. ಎಳೆಯುವ ಹುಕ್ಕು ನೇರ ಚಾಸಿಗೆ ಬೋಲ್ಟ್ ಆಗಿರಬೇಕು, ಅಥವಾ ಹುಕ್ಕಿರುವ ದಪ್ಪ ಪ್ಲೇಟು ಬಂಪರನ್ನು ತೂರಿಕೊಂಡು ಹಿಂದೆ ಹೋಗಿ ಚಾಸಿಯ ಪಕ್ಕಕ್ಕೆ ಕೂತಿರಬೇಕು. ಈ ಒಂದು ತುಂಡು ಮಾತ್ರ ದಪ್ಪ ಇರಲಿ, 10 ಮಿಲಿಮೀಟರ್ ಹಾಕಿಸಿ. ಉಳಿದ ಬಂಪರ್ 3 ಮಿಲಿಮೀಟರ್ ಸಾಕು. ನಾನು ನೋಡಿದ ಬಂಪರುಗಳಲ್ಲಿ ಹೆಚ್ಚಿನವು ಇದಕ್ಕೆ ಉಲ್ಟಾ: ಮುಂದೆ 5 ಮಿಲಿಮೀಟರಿನ ಗೋಡೆ, ಹಿಂದೆ ಹಿಡಿದುಕೊಂಡಿರುವುದು ನಾಲ್ಕು ಸಣ್ಣ ಬೋಲ್ಟು.

ಬೋಲ್ಟಿನ ತಲೆ ಮೇಲೆ 8.8 ಅಂತ ಅಚ್ಚು ಇದೆಯೇ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಸಾದಾ ಬೋಲ್ಟು ಸಾಮಾನ್ಯವಾಗಿ 4.6. ಅದರ ತಾಕತ್ತು 8.8ರ ಅರ್ಧ. 12 ಎಂಎಂನ 8.8 ಬೋಲ್ಟು ಪಕ್ಕಕ್ಕೆ ಮೂರು, ಹಿಂದೆ ದಪ್ಪ ವಾಷರ್, ನೈಲಾಕ್ ನಟ್ಟು. ಚಾಸಿಗೆ ವೆಲ್ಡ್ ಮಾಡಲು ಮಾತ್ರ ಬಿಡಬೇಡಿ. ಶಾಖ ತಗುಲಿದ ಪಕ್ಕದಲ್ಲೇ ಬಿರುಕು ಶುರುವಾಗುತ್ತದೆ, ಅದು ಕಾಣುವುದು ಎರಡು ಮಳೆಗಾಲದ ನಂತರ.

ನಕ್ಷೆಗೆ ಕಂಪ್ಯೂಟರ್ ಬೇಕಿಲ್ಲ. ಫ್ರಿಜ್ ಬಂದ ರಟ್ಟಿನ ಡಬ್ಬ ಸಾಕು. ರಟ್ಟು ಕತ್ತರಿಸಿ ಗಾಡಿಗೆ ಟೇಪಿನಲ್ಲಿ ಅಂಟಿಸಿ. ಆಮೇಲೆ ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಪಟ್ಟಾ ಒತ್ತಿದಾಗ ಟೈರು ರಟ್ಟಿಗೆ ಉಜ್ಜುತ್ತದೆಯೇ ನೋಡಿ. ಉಜ್ಜುವಲ್ಲಿ ಕತ್ತರಿಸಿ. ಕೆಳ ಅಂಚು ಮೂಲ ಬಂಪರಿಗಿಂತ ಒಂದು ಇಂಚೂ ಕೆಳಗೆ ಬರುವುದು ಬೇಡ. ಹಳ್ಳದಿಂದ ದಂಡೆ ಹತ್ತುವಾಗ ಮೊದಲು ಮಣ್ಣು ಅಗೆಯುವುದು ಅದೇ ಅಂಚು. ರಟ್ಟನ್ನು ಹಾಗೇ ವೆಲ್ಡರ್ ಕೈಗೆ ಕೊಡಿ, ಬಾಯಲ್ಲಿ ಹೇಳುವುದಕ್ಕಿಂತ ಅದು ವಾಸಿ.

ಯಾರ ಹತ್ತಿರ ಮಾಡಿಸುವುದು? ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಗಾಡಿ ಕೆಲಸದವರು ಸಾಲಾಗಿ ಸಿಗುತ್ತಾರೆ. ಆದರೆ ನನಗೆ ಸಿಕ್ಕ ಒಳ್ಳೆಯ ಬೆಸುಗೆ ಭದ್ರಾವತಿಯದು. 1923ರಿಂದ ಕಬ್ಬಿಣ ಕರಗಿಸಿದ ಊರು, ಅಲ್ಲಿ ಕಬ್ಬಿಣದ ಭಾಷೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ನನ್ನ ಈಗಿನ ಬಂಪರಿನ ಕೆಲಸ ಮಾಡಿದ ಯಜಮಾನರು ಕಬ್ಬಿಣ ಮುಟ್ಟುವ ಮೊದಲು ಕೇಳಿದ್ದು ಒಂದೇ ಮಾತು: "ಇದನ್ನ ಎಳೀತೀರೋ, ತೋರಿಸ್ತೀರೋ?"

ಸಾದಾ ಆರ್ಕ್ ಬೆಸುಗೆಯೋ ಸಿಒಟು (ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸುವ) ಬೆಸುಗೆಯೋ ಅನ್ನುವ ಜಗಳ ಇದೆ. 3 ಮಿಲಿಮೀಟರ್ ಪ್ಲೇಟಿಗೆ ಸಿಒಟು ನೀಟು, ಬೇಗ, ಪ್ಲೇಟು ಕಡಿಮೆ ಸೊಟ್ಟಗಾಗುತ್ತದೆ. ಹುಕ್ಕಿನ 10 ಮಿಲಿಮೀಟರ್ ಪ್ಲೇಟಿಗೆ ಕೈ ನುರಿತವರ ಆರ್ಕ್ ಬೆಸುಗೆ ಮೇಲೆ ನನಗೆ ಹೆಚ್ಚು ನಂಬಿಕೆ, ಅದೂ 7018 ನಂಬರಿನ ವೆಲ್ಡಿಂಗ್ ರಾಡಿನಲ್ಲಿ. ಆ ರಾಡು ತೇವ ಹೀರುತ್ತದೆ, ಒಲೆಯಲ್ಲಿ ಕಾಯಿಸಿಯೇ ಬಳಸಬೇಕು. ನಮ್ಮ ಜುಲೈ ತಿಂಗಳ ಹವೆಯಲ್ಲಿ ತೆರೆದಿಟ್ಟ ಪ್ಯಾಕೆಟಿನಿಂದ ತೆಗೆದು ಹಾಗೇ ಬೆಸೆದರೆ ಒಳಗೆ ಬಿರುಕು. ಬೆಸುಗೆ ಗಾಡಿಯ ಮೇಲೇ ನಡೆಯುವುದಾದರೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿಸಿ. ಥಾರ್‌ನಂಥ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇರುವ ಗಾಡಿಯಲ್ಲಿ ಇದನ್ನು ಮರೆತರೆ ಬಂಪರಿಗಿಂತ ದೊಡ್ಡ ಖರ್ಚು ಕಾದಿರುತ್ತದೆ.

ವಿಂಚೋ, ಕೈ ವಿಂಚೋ, ಪಕ್ಕದ ಮನೆಯ ಟ್ರ್ಯಾಕ್ಟರೋ

ಕರೆಂಟ್ ವಿಂಚಿನ ಅಳತೆಗೆ ಒಂದು ರೂಢಿ ಇದೆ: ಸಾಮಾನು ಸಹಿತ ಗಾಡಿಯ ತೂಕದ ಒಂದೂವರೆ ಪಟ್ಟು. ಒಂದೂವರೆ ಟನ್ನಿನ ಜಿಪ್ಸಿಗೆ ಎರಡೂಕಾಲು ಟನ್, ಅಂದರೆ ಸುಮಾರು 5000 ಪೌಂಡು. ಕೆಸರು ಹಿಡಿದುಕೊಳ್ಳುವುದನ್ನು ಲೆಕ್ಕ ಹಾಕಿದರೆ 6000 ಇರಲಿ. ತುಂಬಿದ 540ಕ್ಕೆ 8000. ಎಲ್ಲರೂ ಹಾಕಿಸಿಕೊಳ್ಳುವ 9500 ಪೌಂಡಿನದ್ದು ಉಕ್ಕಿನ ಹಗ್ಗ ಸೇರಿ 40 ಕೆಜಿ ಹತ್ತಿರ ತೂಗುತ್ತದೆ, ಜಿಪ್ಸಿಗೆ ಅದು ಅತಿಯಾಯಿತು. ಪೂರ್ತಿ ಭಾರ ಎಳೆಯುವಾಗ ಅದು 400 ಆಂಪಿಯರ್ ಆಚೀಚೆ ಕುಡಿಯುತ್ತದೆ. ಹಳೇ ಗಾಡಿಯ ಬ್ಯಾಟರಿ ಎಷ್ಟು ಹೊತ್ತು ತಡೆದೀತು?

ನಾನು ಈಗ ಇಟ್ಟುಕೊಂಡಿರುವುದು ನಾಟಾ (ಮರದ ದಿಮ್ಮಿ) ಎಳೆಯುವವರು ಬಳಸುವ, ಹಿಡಿ ಆಡಿಸುವ ಕೈ ವಿಂಚು. 1.6 ಟನ್ನಿನದ್ದು. ಕೆಲಸ ನಿಧಾನ, ಬೆವರು ಸುರಿಯುತ್ತದೆ, ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತಿರುತ್ತದೆ. ಆದರೆ ಅದನ್ನು ಹಿಂದಿನ ಸೀಟಿನ ಕೆಳಗೆ ಇಡಬಹುದು, ಮೂತಿಗೆ ಭಾರ ಇಲ್ಲ. ಮುಂದಕ್ಕೂ ಎಳೆಯುತ್ತದೆ, ಹಿಂದಕ್ಕೂ ಎಳೆಯುತ್ತದೆ, ಅಗಳಕ್ಕೆ ಜಾರಿದ ಗಾಡಿಯನ್ನು ಪಕ್ಕಕ್ಕೂ ಎಳೆಯುತ್ತದೆ. ಮೂತಿಯಲ್ಲಿ ಕೂತ ವಿಂಚು ಮುಂದಕ್ಕೆ ಮಾತ್ರ ಎಳೆಯಬಲ್ಲದು, ನಾವು ಹುಗಿದ ಮೇಲೆ ಹೆಚ್ಚಿನ ಸಲ ಹೋಗಬೇಕಾದ್ದು ಹಿಂದಕ್ಕೆ. ಒಂದು ಕಪ್ಪಿ ಜೊತೆಗಿಟ್ಟುಕೊಂಡರೆ ಎಳೆತ ಹೆಚ್ಚು ಕಡಿಮೆ ಎರಡು ಪಟ್ಟು. ಮಲೆನಾಡಿನಲ್ಲಿ ಕಟ್ಟಲು ಮರಕ್ಕೆ ಬರ ಇಲ್ಲ. ಹಲಸು, ಮಾವು, ನಂದಿ ಯಾವುದಾದರೂ ಸರಿ, ತೊಗಟೆ ಸುಲಿಯದ ಹಾಗೆ ಅಗಲ ಪಟ್ಟಿ ಸುತ್ತಿ ಕಟ್ಟಿ. ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ನಗಬೇಡಿ, ಕಟ್ಟಿದವರನ್ನು ನೋಡಿದ್ದೇನೆ. ಗಾಡಿ ಅಲ್ಲೇ ಇತ್ತು, ಮರ ಬಂತು.

ಯಾವುದರಲ್ಲಿ ಎಳೆದರೂ ಬಿಗಿದ ಹಗ್ಗದ ನಡುವೆ ಒಂದು ಹಳೇ ಕಂಬಳಿ ಅಥವಾ ಒದ್ದೆ ಗೋಣಿಚೀಲ ಹಾಕಿ. ತುಂಡಾದರೆ ಅದರ ಭಾರಕ್ಕೆ ಹಗ್ಗ ಕೆಳಗೆ ಬೀಳುತ್ತದೆ, ಮುಖಕ್ಕೆ ಬರುವುದಿಲ್ಲ. ಜನ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಲಿ.

ಬಣ್ಣ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ತುಕ್ಕಿಗೆ ಅಷ್ಟು ಬೇಕಾಗಿಯೂ ಇಲ್ಲ. ಪೌಡರ್ ಕೋಟಿಂಗ್ ಮೊದಲ ದಿನ ಚೆಂದ. ಒಂದು ಕಲ್ಲು ಬಡಿದು ಚೆಕ್ಕೆ ಎದ್ದರೆ ನೀರು ಅದರಡಿ ನುಗ್ಗಿ, ಮೇಲೆ ಬಣ್ಣ ಹಾಗೇ ಇರುವಾಗಲೇ ಒಳಗೆ ಕಬ್ಬಿಣ ಹಪ್ಪಳವಾಗಿರುತ್ತದೆ. ನನ್ನ ಆಯ್ಕೆ ಸತುವಿನ ಪ್ರೈಮರ್, ಮೇಲೆ ಸಾದಾ ಎನಾಮಲ್ ಎರಡು ಕೋಟು. ಪ್ರತಿ ಅಕ್ಟೋಬರ್‌ನಲ್ಲಿ ಉಜ್ಜಿ ಬ್ರಷ್ಷಿನಲ್ಲಿ ನಾನೇ ಬಳಿಯುತ್ತೇನೆ. ಬರೀ ರೆಡ್ ಆಕ್ಸೈಡ್ ಬಳಿದು ಮೇಲೆ ಏನೂ ಹಾಕದೆ ಬಿಟ್ಟರೆ ಒಂದು ಮಳೆಗಾಲವೂ ತಡೆಯುವುದಿಲ್ಲ. ಡಬ್ಬದ ಬಂಪರಾದರೆ ತಳದಲ್ಲಿ ನೀರು ಇಳಿಯಲು ಬೆರಳು ಗಾತ್ರದ ನಾಲ್ಕು ತೂತು ಇರಲೇಬೇಕು. ಇಲ್ಲದಿದ್ದರೆ ಅದು ಬಂಪರಲ್ಲ, ತೊಟ್ಟಿ.

ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ ಸಾಗಿಸುವವರಿಗೆ ಒಂದು ಮಾತು. ಅದರ ನೀರು ಕಬ್ಬಿಣ ತಿನ್ನುತ್ತದೆ. ಹಿಂದಿನ ಬಂಪರ್ ಮತ್ತು ಗಾಡಿಯ ತಳ ಬೇಗ ಹಾಳಾಗುವುದಕ್ಕೆ ನಮ್ಮ ಮನೆಯಲ್ಲಿ ಮಳೆಗಿಂತ ಅದೇ ದೊಡ್ಡ ಕಾರಣ. ಡ್ರಮ್ಮಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಸಂಜೆ ತೊಳೆಯಿರಿ.

ಉಳಿದ ಬದಲಾವಣೆಗಳು

ಬಂಪರಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಟೈರಿಗೆ. ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳನ್ನು ನೋಡಿ. ನಾನು ನೋಡಿದ ಹೆಚ್ಚಿನವುಗಳಲ್ಲಿ ಬಂಪರ್ ಹಳೆಯದೇ, ಟೈರು ಮಾತ್ರ ಒಳ್ಳೆಯದು. ಜಿಪ್ಸಿಯ 205/70 ಆರ್15 ಟೈರಿನ ಎತ್ತರ ಲೆಕ್ಕದಲ್ಲಿ 668 ಮಿಲಿಮೀಟರ್. 215/75 ಹಾಕಿದರೆ 703, ನೆಲದಿಂದ ಆಕ್ಸಲ್ 18 ಮಿಲಿಮೀಟರ್ ಮೇಲೆ. 235/75 ಹಾಕಿದರೆ 733, ಆಕ್ಸಲ್ 33 ಮಿಲಿಮೀಟರ್ ಮೇಲೆ. ಆದರೆ ಆಗ ಸ್ಪೀಡೋಮೀಟರ್ ನೂರಕ್ಕೆ ಹತ್ತರಷ್ಟು ಸುಳ್ಳು ಹೇಳುತ್ತದೆ, ಚಡಾವಿನಲ್ಲಿ ಎಂಜಿನ್ ಉಸಿರುಗಟ್ಟುತ್ತದೆ, ಕಂಪನಿ ಹೇಳಿದ ಅಳತೆಯೂ ಮೀರುತ್ತದೆ. ಒಳ್ಳೆಯ ಕಚ್ಚಿನ ಟೈರನ್ನು ಮೂಲ ಅಳತೆಯಲ್ಲೇ ಹಾಕಿಸಿ, ಮಳೆಗಾಲದಲ್ಲಿ ಮಣ್ಣಿನ ದಾರಿಯಲ್ಲಿ ಚೈನ್ ಕಟ್ಟಿಕೊಳ್ಳುವುದೇ ನನಗೆ ಸರಿ ಕಂಡದ್ದು.

ಗಾಡಿ ಎತ್ತರಿಸಲು ಪಟ್ಟಾವನ್ನು ಆಕ್ಸಲ್ ಮೇಲೆ ಕೂರಿಸುವ ಕೆಲಸ ಮಾತ್ರ ಬೇಡ. ಜಾಯಿಂಟ್ ಶಾಫ್ಟಿನ ಕೋನ ಕೆಡುತ್ತದೆ, ಬ್ರೇಕ್ ಪೈಪ್ ಗಿಡ್ಡವಾಗುತ್ತದೆ. ಪಕ್ಕಕ್ಕೆ ವಾಲಿದ ನಮ್ಮ ದಾರಿಯಲ್ಲಿ ಎತ್ತರದ ಗಾಡಿ ಅಗಳದ ಕಡೆಗೇ ನೋಡುತ್ತಿರುತ್ತದೆ. ಕೂತುಹೋದ ಹಳೇ ಪಟ್ಟಾ ಸೆಟ್ಟನ್ನು ಬದಲಿಸಿದರೆ ಕಳೆದುಹೋಗಿದ್ದ ಎತ್ತರ ತಾನಾಗಿ ವಾಪಸು ಬರುತ್ತದೆ.

ಹಳ್ಳ ದಾಟುವವರು ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಮೇಲಿಂದ ಗಾಳಿ ಕೊಡುವ ಕೊಳವೆ, ಕೇಳುತ್ತಾರೆ. ಅದಕ್ಕಿಂತ ಮೊದಲು ಆಕ್ಸಲಿನ ಬ್ರೀದರ್ (ಗಾಳಿ ಆಡುವ ತೂತು) ನೋಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಬ್ರೀದರ್ ಮತ್ತು ಆಯಿಲ್ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಮುಂದಿನ ಸಲ ಆಯಿಲ್ ಬಿಚ್ಚಿದಾಗ ಹಾಲು ಹಾಕಿದ ಚಹಾದ ಬಣ್ಣ. ಒಂದು ರಬ್ಬರ್ ಕೊಳವೆಯನ್ನು ಬ್ರೀದರಿನಿಂದ ಬಾನೆಟ್ ಒಳಗಿನ ಎತ್ತರದ ಜಾಗಕ್ಕೆ ಒಯ್ದು ಕಟ್ಟಿದರೆ ಸಾಕು, ಅರ್ಧ ದಿನದ ಕೆಲಸ. ಮೊಣಕಾಲು ಮೀರಿ ನೀರಿದ್ದರೆ ನಾನು ದಾಟುವುದೇ ಇಲ್ಲ, ಆದ್ದರಿಂದ ಸ್ನಾರ್ಕೆಲ್ ಹಾಕಿಸಿಲ್ಲ.

ಈಗ ನಮ್ಮ ಗಾಡಿಯಲ್ಲಿ ಇರುವುದು ಇಷ್ಟು. ಜಿಪ್ಸಿಗೆ ಮೂಲ ಬಂಪರ್, ಹಿಂದೆ 75ರ ಚಾನಲ್, ಚಾಸಿಗೆ ನೇರ ಎರಡು ಹುಕ್ಕು, ಕೈ ವಿಂಚು ಸೀಟಿನಡಿ. 540ಕ್ಕೆ ಹೊಸ ಚಾನಲ್, ಅದರ ಮೇಲೆ ತೋಟದೊಳಗೆ ಮಾತ್ರ ಹಾಕಿಕೊಳ್ಳುವ ಪೈಪ್ ಗಾರ್ಡು, ನಾಲ್ಕು ಬೋಲ್ಟಿನದು. ಮಗನಿಗೆ ಇನ್ನೂ ಪ್ಲೇಟ್ ಬಂಪರಿನ ಆಸೆ ಹೋಗಿಲ್ಲ. 540ಕ್ಕೆ, 3 ಮಿಲಿಮೀಟರಿನಲ್ಲಿ, ತೋಟದೊಳಗಿನ ಓಡಾಟಕ್ಕೆ ಮಾತ್ರ ಅಂದರೆ ಒಪ್ಪುತ್ತೇನೆ ಅಂದಿದ್ದೇನೆ.

ಮಾಡಿಸುವುದಿದ್ದರೆ ಶಿವರಾತ್ರಿ ಕಳೆದ ಕೂಡಲೇ ವೆಲ್ಡರ್ ಹತ್ತಿರ ದಿನ ಕೇಳಿ. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಬಣ್ಣ ಒಣಗುವ ಮೊದಲೇ ಮಳೆ ಬರುತ್ತದೆ. ಕೂರಿಸಿ ತಂದ ದಿನವೇ ಅಂಗಳದ ಹಲಸಿನ ಮರಕ್ಕೆ ಕಟ್ಟಿ ಕೈ ವಿಂಚಿನಲ್ಲಿ ಬಿಗಿಯಾಗಿ ಎಳೆದು ನೋಡಿ, ಒಂದು ಪಕ್ಕದ ಹುಕ್ಕು, ಆಮೇಲೆ ಇನ್ನೊಂದು. ಬೆಸುಗೆಯ ಹತ್ತಿರ ಬಣ್ಣ ಬಿರಿದಿದೆಯೇ ಅಂತ ಟಾರ್ಚ್ ಹಿಡಿದು ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳಿಗೆಲ್ಲ ಮತ್ತೊಮ್ಮೆ ಪಾನ ಹಾಕಿ. ನನ್ನದರಲ್ಲಿ ಆರರಲ್ಲಿ ಎರಡು ಅರ್ಧ ಸುತ್ತು ತಿರುಗಿದವು.